ಉಂಡದ್ದು ಮೈಗೆ ಹತ್ತುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



‘ಮಗು ಉಣ್ಣುತ್ತದೆ, ಆದರೆ ಮೈಗೆ ಹತ್ತುತ್ತಿಲ್ಲ’ ಎಂಬ ತಾಯಂದಿರ ಮಾತನ್ನು ತಾವೆಲ್ಲರೂ ಕೇಳಿರುತ್ತೀರಿ. ಈ ಮಾತಿನಲ್ಲಿ ಶರೀರಶಾಸ್ತ್ರದ ಸತ್ಯವೊಂದು ಅಡಗಿದೆ. ಆಹಾರವು ಜೀರ್ಣವಾದ ಮಾತ್ರಕ್ಕೆ ದೇಹಕ್ಕೆ ದಕ್ಕುವುದಿಲ್ಲ. ಅದರ ಸಾರವು ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಬೇಕು.

ಈ ಕಾರ್ಯವು ಬಹುಪಾಲು ನಡೆಯುವುದು ಸಣ್ಣ ಕರುಳಿನಲ್ಲಿ. ವಯಸ್ಕರಲ್ಲಿ ಅದರ ಉದ್ದ ಸುಮಾರು 6 ಮೀಟರ್. ಅದರ ಒಳಗೋಡೆಯ ತುಂಬ, ಟವೆಲ್ಲಿನ ಎಳೆಗಳಂತೆ, ಸುಮಾರು 1 ಮಿಲಿಮೀಟರ್ ಎತ್ತರದ ವಿಲ್ಲೈಗಳೆಂಬ ಕುಚ್ಚುಗಳಿವೆ. ರಾಗಿ, ಅಕ್ಕಿಗಳಿಂದ ದೊರೆತ ಗ್ಲೂಕೋಸ್ ಹಾಗೂ ಬೇಳೆ, ಮೊಟ್ಟೆಗಳಿಂದ ದೊರೆತ ಅಮೈನೋ ಆಮ್ಲಗಳು ಈ ಕುಚ್ಚುಗಳೊಳಗಿನ ರಕ್ತನಾಳಗಳನ್ನು ಸೇರಿ ಮೊದಲು ಯಕೃತ್ತಿಗೆ ಹೋಗುತ್ತವೆ. ಯಕೃತ್ತು ಒಂದಿಷ್ಟನ್ನು ಕೂಡಿಟ್ಟು ಉಳಿದದ್ದನ್ನು ದೇಹಕ್ಕೆಲ್ಲ ಕಳುಹಿಸುತ್ತದೆ. ಕೊಬ್ಬಿನ ದಾರಿ ಬೇರೆ. ಅದರ ಹೆಚ್ಚಿನ ಭಾಗವು ದುಗ್ಧರಸನಾಳಗಳ ಮೂಲಕ ಎದೆಯನ್ನು ಹಾದು, ಕತ್ತಿನ ಬುಡದಲ್ಲಿ ರಕ್ತವನ್ನು ಕೂಡುತ್ತದೆ.

ಕಲುಷಿತ ನೀರು ಕುಡಿದು ಪದೇ ಪದೇ ಭೇದಿಗೆ ತುತ್ತಾಗುವ ಮಗುವಿನಲ್ಲಿ ಈ ಕುಚ್ಚುಗಳು ಮೊಂಡಾಗಿ, ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಅಂಗನವಾಡಿಯಲ್ಲಿ ನೀಡುವ ಹಾಲು, ಮೊಟ್ಟೆಗಳ ಪೂರ್ಣ ಪ್ರಯೋಜನ ಆ ಮಗುವಿಗೆ ದೊರೆಯುವುದಿಲ್ಲ. ನಮ್ಮ ಸಭೆಯ ಕಾರ್ಯಸೂಚಿಯಲ್ಲಿ ಪೌಷ್ಟಿಕ ಆಹಾರ, ಕುಡಿಯುವ ನೀರು ಹಾಗೂ ಚರಂಡಿಗಳು ಬೇರೆ ಬೇರೆ ವಿಷಯಗಳಾಗಿರಬಹುದು. ಮಗುವಿನ ಕರುಳಿಗೆ ಈ ಮೂರೂ ಒಂದೇ.

ಆದುದರಿಂದ ತಮ್ಮಲ್ಲಿ ಮೂರು ವಿನಂತಿಗಳು.

ಒಂದು, ನೀರಿನ ಟ್ಯಾಂಕುಗಳ ಶುಚಿತ್ವ, ಕ್ಲೋರಿನೀಕರಣ ಹಾಗೂ ಚರಂಡಿಯ ಬದಿಯಲ್ಲಿ ಸೋರುವ ಕೊಳವೆಗಳ ದುರಸ್ತಿಯನ್ನು ಮಕ್ಕಳ ಪೋಷಣೆಯ ಕೆಲಸವೆಂದೇ ಪರಿಗಣಿಸಿರಿ.

ಎರಡು, ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಪೊಟ್ಟಣಗಳೂ ಸತುವಿನ ಮಾತ್ರೆಗಳೂ ಸದಾ ಇರುವಂತೆ ವಿಚಾರಿಸುತ್ತಿರಿ. ಭೇದಿಯ ವೇಳೆಯಲ್ಲಿಯೂ ಉಪ್ಪಿನಂಶ ಮತ್ತು ಗ್ಲೂಕೋಸ್ ಜೊತೆಗೂಡಿ ಕರುಳನ್ನು ದಾಟುವ ಮಾರ್ಗವು ಸಾಮಾನ್ಯವಾಗಿ ತೆರೆದಿರುತ್ತದೆ. ಅವುಗಳ ಹಿಂದೆಯೇ ನೀರೂ ದೇಹವನ್ನು ಸೇರುತ್ತದೆ. ಭೇದಿ ನಿಂತರೂ ಸತುವಿನ ಮಾತ್ರೆಯನ್ನು 14 ದಿನ ಪೂರ್ತಿ ಕೊಡತಕ್ಕದ್ದು.

ಮೂರು, ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾದೊಂದಿಗೆ ಸೇವಿಸಬಾರದೆಂದು ಗ್ರಾಮಸಭೆಯಲ್ಲಿ ತಿಳಿಸಿರಿ. ಅವು ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ. ನಿಂಬೆ, ನೆಲ್ಲಿ, ಸೀಬೆಗಳು ಹೆಚ್ಚಿಸುತ್ತವೆ.

ಆಹಾರ ವಿತರಣೆಯ ಲೆಕ್ಕ ನಮ್ಮ ವಹಿಗಳಲ್ಲಿದೆ. ಅದು ಮಕ್ಕಳ ಮೈಗೆ ಹತ್ತಿತೇ ಎಂಬುದನ್ನು ಅಂಗನವಾಡಿಯ ತೂಕದ ಪಟ್ಟಿ ಹೇಳುತ್ತದೆ. ಮುಂದಿನ ಸಭೆಯಲ್ಲಿ ಆ ಪಟ್ಟಿಯನ್ನೂ ನೀರಿನ ಪರೀಕ್ಷಾ ವರದಿಯನ್ನೂ ಒಟ್ಟಿಗೆ ಇರಿಸಿಕೊಂಡು ಪರಿಶೀಲಿಸಬೇಕೆಂದು ಕೋರುತ್ತೇನೆ.