ಗಾಡಿಯ ಇಂಧನವೂ ಮನೆಯ ಖರ್ಚೂ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ವಿವರಿಸಿದ್ದಾರೆ. ನಾವು ಒಂದು ಲೆಕ್ಕದ ಮಾತು ಆಡಲು ಬಯಸುತ್ತೇವೆ. ಮೈಸೂರಿನಲ್ಲಿ ಸಿ.ಎನ್.ಜಿ. ಬಂಕುಗಳು ಬಂದ ಮೇಲೆ, ಗಾಡಿಗೆ ಗ್ಯಾಸ್ ಕಿಟ್ ಹಾಕಿಸ್ತೀವಿ, ಸಾಲ ಸಿಗುತ್ತದೆಯೇ ಎಂದು ನಮ್ಮ ಹುಡುಗರು ಕೇಳುತ್ತಿದ್ದಾರೆ. ಇದು ಮನೆಮಂದಿಯೆಲ್ಲ ಕೂತು ಯೋಚಿಸಬೇಕಾದ ವಿಷಯ.

ಗಾಡಿ ಇಲ್ಲದವರು ‘ನಮಗೇನು’ ಅನ್ನುವ ಹಾಗಿಲ್ಲ. ನಮ್ಮ ತರಕಾರಿ ಬಂಡಿಪಾಳ್ಯದ ಮಾರುಕಟ್ಟೆಗೆ ಹೋಗುವುದು ಗಾಡಿಯಲ್ಲೇ; ಬೇಳೆ, ಎಣ್ಣೆ ಊರಿಗೆ ಬರುವುದೂ ಗಾಡಿಯಲ್ಲೇ. ಇಂಧನದ ಬೆಲೆ ಏರಿದರೆ, ಮಾರುವಾಗ ಬಾಡಿಗೆ ಕಳೆದು ದುಡ್ಡು ಕೈಗೆ ಬರುತ್ತದೆ. ಕೊಳ್ಳುವಾಗ ಬಾಡಿಗೆ ಸೇರಿಸಿ ಕೊಡಬೇಕಾಗುತ್ತದೆ. ರೈತನಿಗೆ ಎರಡೂ ಕಡೆ ಪೆಟ್ಟು.

ಇಂಧನ ಬದಲಿಸುವುದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ದೇಶ ಜಪಾನಿನ ಕೈಸೇರಿದಾಗ, ಅಲ್ಲಿಂದ ನಮಗೆ ಬರುತ್ತಿದ್ದ ಎಣ್ಣೆ ನಿಂತುಹೋಯಿತು. ಪೆಟ್ರೋಲಿಗೆ ರೇಷನ್ ಇತ್ತು. ಆಗ ಮೈಸೂರು ಸಂಸ್ಥಾನದಲ್ಲೂ ಬಸ್ಸಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಇಂಜಿನ್ ಓಡಿಸಿದರು. ಹೊರಡುವುದಕ್ಕೆ ಬಹಳ ಮೊದಲೇ ಇದ್ದಿಲು ತುಂಬಿ, ಗಾಳಿಯಂತ್ರ ತಿರುಗಿಸಿ ಬೆಂಕಿ ಎಬ್ಬಿಸಬೇಕಿತ್ತು. ಏರು ಬಂದರೆ ಜನ ಇಳಿದು ನಡೆಯಬೇಕಿತ್ತು. ಯುದ್ಧ ಮುಗಿದು ಪೆಟ್ರೋಲ್ ಸಿಗತೊಡಗಿದ ಮೇಲೆ ಆ ಒಲೆಗಳು ಮೂಲೆ ಸೇರಿದವು. ಇದ್ದಿಲೇನೋ ಸಿಗುತ್ತಿತ್ತು, ಆದರೆ ಹೊತ್ತು, ಆಳು, ಇಂಜಿನ್ ಸವೆತ ಇವನ್ನೆಲ್ಲ ಕೂಡಿಸಿದರೆ ಅದು ಅಗ್ಗವಾಗಿರಲಿಲ್ಲ.

ಇಂದಿನ ಕಿಟ್ಟಿಗೂ ಇದೇ ಲೆಕ್ಕ. ಉದಾಹರಣೆಗೆ, ಕಿಟ್ಟಿಗೆ 60,000 ರೂಪಾಯಿ ಆಗುತ್ತದೆ, ಕಿಲೋಮೀಟರಿಗೆ 2 ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಹಾಕಿದ ದುಡ್ಡು ಹುಟ್ಟಬೇಕಾದರೆ ಗಾಡಿ 30,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 300 ದಿನ, ದಿನಕ್ಕೆ 100 ಕಿಲೋಮೀಟರ್ ಬಾಡಿಗೆ ಓಡಿಸುವವನಿಗೆ ಒಂದೇ ವರ್ಷ ಸಾಕು. ವಾರಕ್ಕೆರಡು ಸಲ ಪೇಟೆಗೆ ಹೋಗಿ ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುವವನಿಗೆ ಐದು ವರ್ಷ ಬೇಕು. ಮದುವೆಗೆ, ನಂಜನಗೂಡಿನ ಜಾತ್ರೆಗೆ ಅಂತ ವರ್ಷಕ್ಕೆ 2,000 ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಹದಿನೈದು ವರ್ಷ! ಅಷ್ಟರೊಳಗೆ ಕಾರೇ ಗುಜರಿಗೆ ಹೋದೀತು. ಇದರ ಮೇಲೆ ಸಾಲದ ಬಡ್ಡಿ, ಬಂಕಿಗೆ ಹೋಗಿ ಕಾಯುವ ಹೊತ್ತು ಬೇರೆ.

ಇನ್ನು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಅನುಮೋದನೆಯಾದ ಕಿಟ್ಟನ್ನೇ ಹಾಕಿಸಿ, ಇಂಧನ ಬದಲಾದದ್ದನ್ನು ಆರ್.ಸಿ.ಯಲ್ಲಿ ಬರೆಸಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಗೆ ತಕರಾರು ಬರುತ್ತದೆ, ಆದರೂ ಸಾಲದ ಕಂತು ನಿಲ್ಲುವುದಿಲ್ಲ. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರನ್ನು ಗಾಡಿಗೆ ಜೋಡಿಸುವುದಂತೂ ಕೂಡದು. ಅದು ಒಲೆಗಾಗಿ ಮಾಡಿದ್ದು. ಗಾಡಿಯ ಅಲುಗಾಟಕ್ಕಲ್ಲ, ಡಿಕ್ಕಿಗಲ್ಲ. ಹಿಂದಿನ ಸೀಟಿನಲ್ಲಿ ಕೂರುವುದು ನಮ್ಮ ಮಕ್ಕಳೇ ಅಲ್ಲವೇ?

ಕಿಟ್ ಹಾಕಿಸದಿದ್ದವರ ಟ್ಯಾಂಕಿಗೂ ಹೊಸ ಇಂಧನ ಬಂದಿದೆ. 2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇಕಡಾ 5ರಷ್ಟು ಎಥನಾಲ್ ಬೆರೆಸುವುದು ಶುರುವಾಯಿತು. ಶೇಕಡಾ 20 ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಕಾರುಗಳ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹಳೇ ಗಾಡಿಯವರು ರಬ್ಬರ್ ಪೈಪು, ವಾಷರುಗಳನ್ನು ಮೆಕಾನಿಕ್ಕಿನಿಂದ ನೋಡಿಸಿಕೊಳ್ಳುವುದು ಒಳ್ಳೆಯದು.

ಎಥನಾಲಿಗೆ ಬೇಕಾದ್ದು ನಮ್ಮ ಹೊಲದ ಕಬ್ಬು, ಮುಸುಕಿನ ಜೋಳ. ಬೆಳೆಯುವವನಿಗೆ ಇದರಿಂದ ಇನ್ನೊಬ್ಬ ಗಿರಾಕಿ ಸಿಕ್ಕಿದ, ಸಂತೋಷ. ಆದರೆ ಜೋಳದ ಬೆಲೆ ಏರಿದರೆ ಪಶು ಆಹಾರ, ಕೋಳಿ ಆಹಾರದ ಬೆಲೆಯೂ ಏರುತ್ತದೆ. ಪೆಟ್ರೋಲ್ ಬಂಕಿನ ಲೆಕ್ಕ ಕೊಟ್ಟಿಗೆಗೂ ಬರುತ್ತದೆ, ಮೊಟ್ಟೆಯ ಬೆಲೆಗೂ ಬರುತ್ತದೆ.

ಆದ್ದರಿಂದ ಸಂಘದ ಮುಂದೆ ನಮ್ಮ ಎರಡು ಸಲಹೆಗಳಿವೆ. ಒಂದು, ಕಿಟ್ ಸಾಲದ ಅರ್ಜಿಯ ಜೊತೆಗೆ ಗಾಡಿ ವರ್ಷಕ್ಕೆ ಎಷ್ಟು ಓಡುತ್ತದೆ ಎಂಬ ಲೆಕ್ಕ ಕೇಳಬೇಕು, ಆರ್.ಸಿ. ತಿದ್ದುಪಡಿ ಆಗುವಂತೆಯೂ ನೋಡಿಕೊಳ್ಳಬೇಕು. ಇದು ಸಾಲ ತಪ್ಪಿಸುವುದಕ್ಕಲ್ಲ, ಸದಸ್ಯನ ಮನೆ ಉಳಿಸುವುದಕ್ಕೆ. ಎರಡು, ಒಂದೇ ಬೆಳಗ್ಗೆ ಐದು ಗಾಡಿ ಅರ್ಧರ್ಧ ತುಂಬಿ ಮೈಸೂರಿಗೆ ಹೋಗುವ ಬದಲು ಮೂರೇ ಗಾಡಿ ತುಂಬಿಸಿ ಕಳಿಸೋಣ. ಸರದಿಯನ್ನು ಸಂಘದ ಬೋರ್ಡಿನಲ್ಲಿ ಬರೆದು ಹಾಕಿದರೆ ಸಾಕು. ಇದಕ್ಕೆ ಕಿಟ್ ಬೇಡ, ಸಾಲ ಬೇಡ. ಉಳಿಯುವ ಎರಡು ಗಾಡಿಯ ಎಣ್ಣೆಯಷ್ಟು ಅಗ್ಗದ ಇಂಧನ ಯಾವ ಬಂಕಿನಲ್ಲೂ ಸಿಗದು.

ಒಬ್ಬನ ಕೈಲಾಗದ್ದನ್ನು ಹತ್ತು ಜನ ಕೂಡಿ ಮಾಡುವುದಕ್ಕೇ ಈ ಸಂಘ ಹುಟ್ಟಿದ್ದು.

ಜೈ ಸಹಕಾರ.