ಕೆಟ್ಟ ಬ್ಯಾಚು ಯಾರ ಲೆಕ್ಕಕ್ಕೆ?



ಕೆಲವು ವರ್ಷಗಳ ಹಿಂದೆ ಪೀಣ್ಯದ ಒಂದು ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿಗೆ ಸಿಲಿಕಾನ್ ಕಾರ್ಬೈಡಿನ ನ್ಯಾನೋ ಪುಡಿ ಹಿಡಿದುಕೊಂಡು ಹೋಗಿದ್ದೆ. ನಿಕಲ್ ಲೇಪನದೊಳಗೆ ಈ ಕಣಗಳು ಸೇರಿಕೊಂಡರೆ ಲೇಪನ ಗಟ್ಟಿಯಾಗುತ್ತದೆ, ಸವೆತ ತಗ್ಗುತ್ತದೆ. ನಮ್ಮ ಲ್ಯಾಬಿನ ಬೀಕರಿನಲ್ಲಿ ಸೊಗಸಾಗಿ ಬಂದಿತ್ತು. ಮಾಲೀಕರು ನಂಬಿ ಸಾವಿರ ಲೀಟರಿನ ಟ್ಯಾಂಕೊಂದನ್ನು ಬಿಟ್ಟುಕೊಟ್ಟರು. ಮೂರನೆಯ ದಿನ ಫೋನು ಬಂತು: "ಸಾರ್, ನಿಮ್ ಪುಡಿಯೆಲ್ಲ ತಳ ಸೇರ್ಬಿಟ್ಟಿದೆ. ಪೀಸ್ ಮೇಲೆ ಮರಳು ಎರಚಿದಂಗಿದೆ. ಬೇಗ ಬನ್ನಿ."

ಆದದ್ದು ಇಷ್ಟು. ಒಂದು ಘನ ಸೆಂಟಿಮೀಟರಿನ ತುಂಡನ್ನು 10 ನ್ಯಾನೋಮೀಟರಿನ ಚೂರುಗಳಾಗಿ ಕತ್ತರಿಸಿದರೆ, 6 ಚದರ ಸೆಂಟಿಮೀಟರಿದ್ದ ಮೇಲ್ಮೈ 600 ಚದರ ಮೀಟರಿಗೆ ಏರುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಬೆಲ್ಲದ ಚೂರಿನೊಳಗಿಂದ ಮೂವತ್ತು-ನಲವತ್ತು ಅಡಿಯ ಐದು ಸೈಟು ಎದ್ದುಬಂದ ಹಾಗೆ. ನ್ಯಾನೋ ವಸ್ತುವಿನ ಸೊಗಸೆಲ್ಲ ಈ ಮೇಲ್ಮೈಯದು, ತಂಟೆಯೂ ಅದರದೇ. ಇಂಥ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಲು ಕಾದೇ ಇರುತ್ತವೆ. ಅವನ್ನು ದೂರ ಇಡಬಲ್ಲ ವಿದ್ಯುದಾವೇಶದ ಪ್ರಭಾವವನ್ನು ನಿಕಲ್ ಬಾತಿನ, ಅಂದರೆ ಲೇಪನದ ದ್ರಾವಣದ, ಉಪ್ಪುಗಳು ಕುಗ್ಗಿಸಿಬಿಡುತ್ತವೆ. ಮುದ್ದೆ ತಿರುವಿದವರಿಗೆ ಗಂಟೊಡೆಯುವ ಕಷ್ಟ ಗೊತ್ತು. ಲ್ಯಾಬಿನಲ್ಲಿ ನಾವು ಅಲ್ಟ್ರಾಸೋನಿಕ್ ಯಂತ್ರದಿಂದ ಒಡೆಯುತ್ತಿದ್ದೆವು. ಶೆಡ್ಡಿನಲ್ಲಿದ್ದದ್ದು ಗಾಳಿ ಊದುವ ಒಂದು ಪೈಪು.

ಬಾತ್ ಸೋಸಿ ಸರಿಮಾಡಲು ಎರಡು ದಿನ ಹಿಡಿಯಿತು. ಆ ಎರಡು ದಿನದ ಜಾಬ್ ವರ್ಕು, ರಿಜೆಕ್ಟ್ ಆದ ಪೀಸುಗಳು, ಡೆಲಿವರಿ ತಪ್ಪಿದ್ದಕ್ಕೆ ತಿಂದ ಬೈಗುಳ, ಎಲ್ಲವೂ ಮಾಲೀಕರ ಲೆಕ್ಕಕ್ಕೆ. ನಮಗೆ ಒಂದು ಪ್ರಬಂಧ ಸಿಕ್ಕಿತು. ಅದರಲ್ಲಿ ಟ್ಯಾಂಕಿನ ಸುದ್ದಿ ಎತ್ತಲಿಲ್ಲ, ಬಿಡಿ.

ಸಂಶೋಧನೆಗೆ ಹಣವೇ ಇರಲಿಲ್ಲವೆಂದಲ್ಲ. 2007ರಲ್ಲಿ ಕೇಂದ್ರ ಸರ್ಕಾರ ನ್ಯಾನೋ ಮಿಷನ್‌ಗೆ ಐದು ವರ್ಷಗಳ ಅವಧಿಗೆಂದು 1000 ಕೋಟಿ ರೂಪಾಯಿ ಮಂಜೂರು ಮಾಡಿತು. ಸಿ.ಎನ್.ಆರ್. ರಾವ್ ಅವರ ಮಾರ್ಗದರ್ಶನದಲ್ಲಿ ಪ್ರಯೋಗಾಲಯಗಳು ಬೆಳೆದವು, ಪ್ರಬಂಧಗಳ ಸಂಖ್ಯೆಯಲ್ಲಿ ಭಾರತ ಮುಂಚೂಣಿಗೆ ಬಂತು. ಆದರೆ ಬೀಕರಿಗೂ ಟ್ಯಾಂಕಿಗೂ ನಡುವಿನ ದಾರಿ ಇನ್ನೂ ಕಚ್ಚಾ ರಸ್ತೆಯೇ. ಬಂದ ಫಲಿತಾಂಶಗಳಲ್ಲಿ ಅತ್ಯುತ್ತಮವಾದದ್ದನ್ನು ನಾವು ಆರಿಸಿ ಪ್ರಕಟಿಸುತ್ತೇವೆ. ಶೆಡ್ಡಿನವರಿಗೆ ಬೇಕಾದದ್ದು ಸಾವಿರ ಪೀಸಿನಲ್ಲಿ ಅತಿ ಕೆಟ್ಟದ್ದು ಹೇಗಿರುತ್ತದೆ ಎಂಬ ಮಾಹಿತಿ. ಅದನ್ನು ನಾವು ಅಳೆಯುವುದೇ ಇಲ್ಲ.

ಆ ಕಚ್ಚಾ ರಸ್ತೆ ದಾಟಿದ ಉದಾಹರಣೆಯೂ ನಮ್ಮೂರಿನಲ್ಲೇ ಇದೆ. ಪ್ರೊ. ಎಸ್. ಚಂದ್ರಶೇಖರ್ ಅವರು 1991ರಲ್ಲಿ ದ್ರವ ಸ್ಫಟಿಕಗಳ ಸಂಶೋಧನೆಗೆಂದು ಜಾಲಹಳ್ಳಿಯಲ್ಲಿ ಕಟ್ಟಿದ ಕೇಂದ್ರ ಇಂದು ನ್ಯಾನೋ ಮತ್ತು ಮೃದು ವಸ್ತುಗಳ ವಿಜ್ಞಾನ ಕೇಂದ್ರವಾಗಿದೆ. 2020ರ ಕೋವಿಡ್ ದಿನಗಳಲ್ಲಿ ಅಲ್ಲಿನವರು ಒಂದು ಮಾಸ್ಕ್ ರೂಪಿಸಿದರು: ಎರಡು ಪಾಲಿಪ್ರೊಪಿಲೀನ್ ಪದರ, ನಡುವೆ ನೈಲಾನ್. ಉಜ್ಜಿದರೆ ಸ್ಥಾಯೀ ವಿದ್ಯುತ್ತು ಹುಟ್ಟಿ ಸೋಸುವ ಶಕ್ತಿ ಹೆಚ್ಚುತ್ತದೆ. ನೈಲಾನ್ ಇಲ್ಲವೇ? ಹಳೆಯ ರೇಷ್ಮೆ ಸೀರೆಯ ಬಟ್ಟೆಯೂ ಆದೀತು. ತಂತ್ರ ಬೆಂಗಳೂರಿನ ಉಡುಪು ತಯಾರಕರೊಬ್ಬರಿಗೆ ಹಸ್ತಾಂತರವಾಯಿತು. ಇದು ನ್ಯಾನೋ ಕಣದ ಕಥೆಯಲ್ಲ, ಒಪ್ಪುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ರೇಷ್ಮೆ ಸೀರೆ. ಹೊಲಿಯುವವರ ಕೈಗೆ ಏನು ಸಿಗುತ್ತದೆ ಎಂದು ಯಾರೋ ಮೊದಲೇ ಯೋಚಿಸಿದ್ದರು.

ಸಂಶೋಧಕರೂ ಉದ್ಯಮಿಗಳೂ ಸೇರಿರುವ ಈ ಎರಡು ದಿನಗಳ ಚರ್ಚೆಗೆ ಒಂದು ಬೇಡಿಕೆ ಇಡುತ್ತೇನೆ. ಪ್ರತಿ ಯೋಜನೆಯ ಬಜೆಟ್ಟಿನಲ್ಲೂ ಕೆಟ್ಟ ಬ್ಯಾಚಿಗೆ ಒಂದು ಸಾಲು ಇರಲಿ. ಮೊದಲ ಮೂರು ಬ್ಯಾಚಿನ ನಷ್ಟವನ್ನು ಸಂಶೋಧನಾ ಸಂಸ್ಥೆ ಹೊರಲಿ, ಬಾಡಿಗೆಗೆ ಸಿಗುವ ಸಾವಿರ ಲೀಟರಿನ ಪ್ರಯೋಗದ ಟ್ಯಾಂಕೊಂದು ಇರಲಿ. ಸಣ್ಣ ಘಟಕಗಳ ಬಿಲ್ಲನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳಿದರೂ ಹಣಕ್ಕಾಗಿ ಅಲೆಯುವ ಮಾಲೀಕರಿಗೆ ನಮ್ಮ ಪ್ರಯೋಗದ ಖರ್ಚನ್ನೂ ಹೊರಿಸುವುದು ಅನ್ಯಾಯ.

ನ್ಯಾನೋ ಪುಡಿಯ ಧೂಳಿನ ಮಾತೂ ಬಿಡುವಂತಿಲ್ಲ. ಒಂದು ಬಗೆಯ ಕಾರ್ಬನ್ ನ್ಯಾನೋಟ್ಯೂಬನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತು. ಎಲ್ಲ ಪುಡಿಯೂ ಹಾಗೆಂದಲ್ಲ. ಆದರೂ ಸೀಲಿಂಗ್ ಫ್ಯಾನಿನ ಕೆಳಗೆ ಪ್ಯಾಕೆಟ್ ಬಿಚ್ಚುವ ಹುಡುಗನಿಗೆ ಆ ಪುಡಿಯ ಅಪಾಯವನ್ನು ಕನ್ನಡದಲ್ಲಿ ತಿಳಿಸುವ ಒಂದು ಹಾಳೆ ಪ್ಯಾಕೆಟ್ಟಿನ ಜೊತೆಗೇ ಹೋಗಬೇಕು. ಅಂದು ನಾನು ಕೊಟ್ಟಿರಲಿಲ್ಲ.

ಕೊನೆಗೆ ಸಂಘಟಕರಲ್ಲಿ ಒಂದು ವಿನಂತಿ. ಆಹ್ವಾನ ಪತ್ರಿಕೆಯಲ್ಲಿ 'ಉದ್ಯಮಿಗಳ ಅನುಭವ' ನಾಳೆ ಸಂಜೆ ನಾಲ್ಕೂವರೆಗಿದೆ. ಆ ಹೊತ್ತಿಗೆ ಅರ್ಧ ಸಭಾಂಗಣ ಖಾಲಿಯಾಗಿರುತ್ತದೆ. ಅದನ್ನು ಈಗಲೇ, ಮೊದಲ ಗೋಷ್ಠಿಯಾಗಿ ಇಡಿ. ಆ ಪ್ಲೇಟಿಂಗ್ ಶೆಡ್ಡಿನ ಮಾಲೀಕರು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಟ್ಯಾಂಕಿನ ಕಥೆಯಲ್ಲಿ ನಾನು ಬಿಟ್ಟದ್ದೇನಾದರೂ ಇದ್ದರೆ ಅವರೇ ಹೇಳಲಿ. ಮೈಕು ಅವರಿಗೆ ಕೊಡುತ್ತಿದ್ದೇನೆ.