ಬಾಗಿಲು ಕಾಯುವವರಿಲ್ಲದ ಹಬ್ಬ

(ಶತಮಾನೋತ್ಸವದ ಸಿದ್ಧತೆಗಾಗಿ ಮಾರ್ಕೋನಹಳ್ಳಿ ಜಲಾಶಯದ ಬಳಿ ಸೇರಿದ್ದ ಧರ್ಮಕೇಂದ್ರದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಒಂದು ಸಂಜೆ ಜಾಜ್ ಮತ್ತು ಬ್ಲೂಸ್ ಎಂಬ ಸಂಗೀತದ ಹಬ್ಬವನ್ನು ನಡೆಸಬೇಕೆಂದು ನಮ್ಮ ಯುವಜನರು ಬಯಸಿದ್ದಾರೆ. ಇವರಲ್ಲಿ ಹಲವರು ಬೆಂಗಳೂರಿನಲ್ಲಿ ದುಡಿಯುತ್ತಿರುವವರು. ಹಾಡುವವರು, ನುಡಿಸುವವರು, ಕುರ್ಚಿ ಹಾಕುವವರು ಯಾರೂ ಸಂಭಾವನೆ ಪಡೆಯುವುದಿಲ್ಲ, ಕೇಳಬಂದವರಿಂದಲೂ ಹಣ ಕೇಳುವುದಿಲ್ಲ ಎಂಬುದು ಅವರ ನಿಶ್ಚಯ. ಈ ಪ್ರಸ್ತಾಪ ಬಂದಂದಿನಿಂದ ಹಿರಿಯರಲ್ಲಿ ಕೆಲವರು ನಮ್ಮ ಬಳಿಗೆ ಬಂದು ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ದೇವಾಲಯದ ಹಬ್ಬಕ್ಕೆ ಇಂಥ ಸಂಗೀತವು ತಕ್ಕುದೇ ಎಂಬುದು ಮೊದಲನೆಯದು. ಇಷ್ಟೆಲ್ಲ ಖರ್ಚಿರುವಾಗ ಟಿಕೆಟ್ಟನ್ನಾದರೂ ಇಡಬಾರದೇ, ದಾನಿಗಳಿಗೆ ಮುಂದಿನ ಸಾಲನ್ನಾದರೂ ಕಾದಿರಿಸಬಾರದೇ ಎಂಬುದು ಎರಡನೆಯದು. ಎರಡೂ ಸದುದ್ದೇಶದ ಪ್ರಶ್ನೆಗಳೇ. ಆದುದರಿಂದ ಎರಡಕ್ಕೂ ತಮ್ಮೆಲ್ಲರ ಮುಂದೆಯೇ ಉತ್ತರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ಸಂಗೀತವು ಮದ್ಯದಂಗಡಿಗಳಲ್ಲಿ ಹುಟ್ಟಿತೆಂದು ಹಲವರು ನಂಬಿದ್ದಾರೆ. ಅಂಥ ಸ್ಥಳಗಳಲ್ಲಿ ಅದು ಬೆಳೆದದ್ದುಂಟು. ಆದರೆ ಅದರ ಬೇರು ಅಲ್ಲಿಲ್ಲ. ಆಫ್ರಿಕಾ ಖಂಡದಿಂದ ಹಡಗುಗಳಲ್ಲಿ ತುಂಬಿ ಒಯ್ದು, ಅಮೆರಿಕದ ಹತ್ತಿಯ ಮತ್ತು ಕಬ್ಬಿನ ಹೊಲಗಳಲ್ಲಿ ಗುಲಾಮರನ್ನಾಗಿ ದುಡಿಸಿದ ಜನರ ನಿಟ್ಟುಸಿರೇ ಅದರ ಬೇರು. 1739ರಲ್ಲಿ ದಕ್ಷಿಣ ಕೆರೊಲಿನಾ ಪ್ರಾಂತದ ಗುಲಾಮರು ಡೋಲು ಬಡಿಯುತ್ತ ದಂಗೆಯೆದ್ದರು. ಮರುವರ್ಷವೇ ಅಲ್ಲಿಯ ಶಾಸನವು ಅವರಿಗೆ ಡೋಲನ್ನು ನಿಷೇಧಿಸಿತು. ಫ್ರೆಂಚರ ಆಳ್ವಿಕೆಯಲ್ಲಿದ್ದ ಲೂಸಿಯಾನದಲ್ಲಿ 1724ರ ಶಾಸನದಂತೆ ಭಾನುವಾರ ಗುಲಾಮರಿಂದ ಕೆಲಸ ಮಾಡಿಸುವಂತಿರಲಿಲ್ಲ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಅವರು ಆ ಒಂದು ದಿನ ಬಯಲಿನಲ್ಲಿ ಕೂಡಿ ಹಾಡುತ್ತಿದ್ದರು, ಕುಣಿಯುತ್ತಿದ್ದರು. 1817ರಲ್ಲಿ ನಗರಾಡಳಿತವು ಅಂಥ ಕೂಟವನ್ನು ಭಾನುವಾರ ಮಾತ್ರ, ಮೇಯರರು ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ನಡೆಸಬೇಕೆಂದು ವಿಧಿಸಿತು. ಆ ಬಯಲೇ ಕಾಂಗೋ ಸ್ಕ್ವೇರ್. ಪ್ರಭುವಿನ ದಿನದ ಬಿಡುವಿನಲ್ಲಿ, ಬಯಲಿನಲ್ಲಿ, ಕಾಸಿಲ್ಲದವರು ಕೂಡಿ ಉಳಿಸಿಕೊಂಡ ತಾಳವೇ ಮುಂದೆ ಜಾಜ್ ಸಂಗೀತದ ಒಂದು ಮೂಲವಾಯಿತು.

ಬ್ಲೂಸ್ ಹಾಡಿನಲ್ಲಿ ಸಾಮಾನ್ಯವಾಗಿ ಮೊದಲ ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವ ಪದ್ಧತಿಯಿದೆ. ನಮ್ಮ ಹೆಣ್ಣುಮಕ್ಕಳು ಸೋಬಾನೆ ಹೇಳುವಾಗ ಒಬ್ಬಾಕೆ ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುವುದನ್ನು ಕೇಳಿದವರಿಗೆ ಇದು ಪರದೇಶದ್ದೆನಿಸದು. ಜಾಜ್ ವಾದಕನು ಬರೆದದ್ದನ್ನಷ್ಟೇ ನುಡಿಸದೆ, ಆ ಗಳಿಗೆಯಲ್ಲಿ ಹೊಳೆದುದನ್ನೂ ನುಡಿಸುತ್ತಾನೆ. ನಮ್ಮ ಸಂಗೀತಗಾರರು ಮನೋಧರ್ಮವೆಂದು ಕರೆಯುವುದಕ್ಕೆ ಇದು ಹತ್ತಿರದ ನೆಂಟನೇ ಸರಿ.

ಧರ್ಮಸಭೆಗೂ ಈ ಸಂಗೀತಕ್ಕೂ ನಂಟಿಲ್ಲವೆಂದು ತಿಳಿಯಬಾರದು. ಜಾಜ್ ಸಂಗೀತದ ಮಹಾವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರು ತಾವು 1900ರ ಜುಲೈ 4ರಂದು ಹುಟ್ಟಿದವರೆಂದು ಹೇಳಿಕೊಳ್ಳುತ್ತಿದ್ದರು. ಅವರು 1971ರಲ್ಲಿ ತೀರಿಕೊಂಡರು. ನಿಜವಾದ ಜನ್ಮದಿನ 1901ರ ಆಗಸ್ಟ್ 4 ಎಂಬುದು 1980ರ ದಶಕದಲ್ಲಿ ಬೆಳಕಿಗೆ ಬಂದದ್ದು ನ್ಯೂ ಆರ್ಲಿಯನ್ಸಿನ ಒಂದು ಕಥೋಲಿಕ ಧರ್ಮಕೇಂದ್ರದ ಸ್ನಾನದೀಕ್ಷೆಯ ದಾಖಲೆಯಿಂದ. ಜಗತ್ತು ಅರಿಯದಿದ್ದ ಬಡ ಮಗುವಿನ ಹೆಸರನ್ನು ಒಬ್ಬ ಗುರುವಿನ ಲೇಖನಿ ಕಾಪಾಡಿತ್ತು! ಮೇರಿ ಲೂ ವಿಲಿಯಮ್ಸ್ ಎಂಬ ಪಿಯಾನೋ ವಾದಕಿ 1957ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1962ರಲ್ಲಿ ಸಂತ ಪದವಿಗೇರಿದ ಮಾರ್ಟಿನ್ ದೆ ಪೋರೆಸ್ ಅವರ ಗೌರವಾರ್ಥ ಕೃತಿ ರಚಿಸಿದರು. ಅವರು ರಚಿಸಿದ ಜಾಜ್ ಬಲಿಪೂಜೆಯ ಸಂಗೀತವು 1975ರಲ್ಲಿ ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ಕರ ಪ್ರಧಾನಾಲಯದಲ್ಲಿಯೇ ಮೊಳಗಿತು.

ನಮ್ಮ ನಾಡಿನ ನಿದರ್ಶನವೂ ಇದೆ. ದಕ್ಷಿಣ ಕನ್ನಡದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತರು, ವರ್ಷಗಳ ಸಾಧನೆಯಿಂದ ಆ ಪರದೇಶದ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದರು. 1980ರ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರು ಇವರೊಡನೆ ಕೂಡಿ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಸಂಗೀತೋತ್ಸವದಲ್ಲಿ ನುಡಿಸಿ ಕೀರ್ತಿ ಪಡೆದ ಅವರು 2019ರಲ್ಲಿ ನಿಧನರಾದರು. ಆದುದರಿಂದ ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರವಿಷ್ಟೇ: ವಾದ್ಯಕ್ಕೆ ಪಾಪವಿಲ್ಲ, ಅದನ್ನು ಹಿಡಿದ ಕೈಯನ್ನೂ ಕೇಳುವ ಮನಸ್ಸನ್ನೂ ನೋಡೋಣ.

ಇನ್ನು ಎರಡನೆಯ ಪ್ರಶ್ನೆ. ನಮಗೆ ಇದೇ ಹೆಚ್ಚು ಭಾರವಾದದ್ದು.

ಅದೇ ನ್ಯೂ ಆರ್ಲಿಯನ್ಸಿನಲ್ಲಿ ಸಂತ ಅಗಸ್ಟೀನರ ದೇವಾಲಯವೊಂದಿದೆ. 1842ರಲ್ಲಿ ಪ್ರತಿಷ್ಠೆಯಾದದ್ದು. ಆ ಕಾಲದಲ್ಲಿ ದೇವಾಲಯದ ಬೆಂಚುಗಳನ್ನು ಕುಟುಂಬಗಳು ಹಣ ತೆತ್ತು ಪಡೆಯುವ ರೂಢಿಯಿತ್ತು. ಬಿಳಿಯರು ಬೆಂಚುಗಳಿಗಾಗಿ ಮುಂದಾದಾಗ, ಸ್ವತಂತ್ರರಾಗಿದ್ದ ಕಪ್ಪು ವಂಶದ ಕಥೋಲಿಕರು ಅವರನ್ನೂ ಮೀರಿ ಹೆಚ್ಚು ಬೆಂಚುಗಳನ್ನು ಪಡೆದರು. ಅಷ್ಟಕ್ಕೇ ನಿಲ್ಲಲಿಲ್ಲ. ಎರಡೂ ಪಕ್ಕಗಳ ಬೆಂಚುಗಳನ್ನು ತಮ್ಮ ಹಣದಿಂದ ಕೊಂಡು, ಕಾಸೊಂದನ್ನೂ ಕೊಡಲಾರದ ಗುಲಾಮರು ಕುಳಿತು ಆರಾಧಿಸಲೆಂದು ಬಿಟ್ಟುಕೊಟ್ಟರು. ಉಚಿತವೆಂಬ ಮಾತಿನ ಅರ್ಥ ನಮಗೆ ತಿಳಿದದ್ದು ಈ ಬೆಂಚುಗಳಿಂದ. ಉಚಿತವೆಂದರೆ ಬೆಲೆಯಿಲ್ಲದ್ದಲ್ಲ, ಬರುವವನಿಗಾಗಿ ಇನ್ನೊಬ್ಬನು ಮುಂಚಿತವಾಗಿಯೇ ಬೆಲೆ ತೆತ್ತಿರುವುದು. ನಮ್ಮ ರಕ್ಷಣೆಯೂ ಹಾಗೆಯೇ ಅಲ್ಲವೇ? ಚಿನ್ನದುಂಗುರದವನಿಗೆ ಒಳ್ಳೆಯ ಪೀಠವನ್ನೂ ಹರಕು ಬಟ್ಟೆಯವನಿಗೆ ನಿಲ್ಲುವ ಜಾಗವನ್ನೂ ತೋರಿಸುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಷ್ಟು ಕಟುವಾಗಿ ಖಂಡಿಸಿದ್ದಾರೆಂಬುದನ್ನು ತಾವು ಬಲ್ಲಿರಿ.

ಬಲ್ಲೆವೆಂದು ಹೇಳುವ ನಾವೇ ತಪ್ಪಿದ್ದುಂಟು. ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ, ಹಬ್ಬದ ಸಂಜೆಯ ಕಾರ್ಯಕ್ರಮಕ್ಕೆ ದಾನಿಗಳಿಗಾಗಿ ಮುಂದೆ ಸೋಫಾ ಹಾಕಿಸಿ, ಸುತ್ತ ಹಗ್ಗ ಕಟ್ಟಿಸಿ, ಚೀಟಿಯಿದ್ದವರನ್ನು ಮಾತ್ರ ಒಳಗೆ ಬಿಡಬೇಕೆಂದು ಅಪ್ಪಣೆ ಕೊಟ್ಟವರು ನಾವೇ. ಅಂದು ತೇರಿನ ಮುಂದೆ ಎರಡು ಗಂಟೆ ತಮಟೆ ಬಡಿದಿದ್ದ ಊರಿನ ವೃದ್ಧರೊಬ್ಬರು ಹಗ್ಗದಾಚೆ ನಿಂತಿದ್ದರು. ಹುಲ್ಲಿನ ಬೆಂಕಿಗೆ ಕಾಯಿಸಿದ ತಮಟೆ ಇನ್ನೂ ಅವರ ಹೆಗಲಲ್ಲಿತ್ತು. ನಾವು ಹಾದುಹೋಗುವಾಗ ಅವರು ಮೆಲ್ಲಗೆ ಕೇಳಿದರು: “ಸ್ವಾಮಿ, ನಮ್ ಸದ್ದು ಒಳಕ್ಕೆ ಬತ್ತದೆ, ನಾವು ಬರಂಗಿಲ್ವಾ?” ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ್ದರು. ನಾವು ಉತ್ತರ ಕೊಡದೆ ಮುಂದೆ ಸಾಗಿದೆವು. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆವು, ಹೋಗಲಿಲ್ಲ. ವರ್ಗವಾಗಿ ಆ ಊರು ಬಿಟ್ಟ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಆ ಪ್ರಶ್ನೆ ಮಾತ್ರ ನಮ್ಮೊಡನೆಯೇ ಈ ಧರ್ಮಕೇಂದ್ರಕ್ಕೂ ಬಂದಿದೆ.

ಬಾಗಿಲಿಲ್ಲದ ಹಬ್ಬವು ನಡೆದೀತೇ ಎಂದು ಸಂಶಯಪಡುವವರಿಗೆ ನಿದರ್ಶನಗಳಿವೆ. ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ಫ್ರೀಡಂ ಜಾಮ್ ಎಂಬ ಸಂಗೀತೋತ್ಸವವು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಪ್ರವೇಶಧನವಿಲ್ಲದೆ, ಹಲವು ವರ್ಷ ನಡೆದುಬಂದಿತು. ನ್ಯೂ ಆರ್ಲಿಯನ್ಸಿನ ಹಳೆಯ ಫ್ರೆಂಚ್ ಬಡಾವಣೆಯ ಉತ್ಸವವು 1984ರಲ್ಲಿ ಮೊದಲಾಗಿ ಉಚಿತ ಉತ್ಸವವೆಂದೇ ಹೆಸರಾಯಿತು.

ಆದರೆ ನಮ್ಮ ಯುವಜನರಿಗೂ ಒಂದು ಮಾತು. ಸೇವೆಯೆಂದರೆ ವೇದಿಕೆಯ ಮೇಲೆ ಗಿಟಾರು ಹಿಡಿದು ನಿಲ್ಲುವುದಷ್ಟೇ ಅಲ್ಲ. ಪೊಲೀಸ್ ಠಾಣೆಗೆ ಅಲೆದು ಅನುಮತಿ ತರುವವರು ಬೇಕು. ಧ್ವನಿವರ್ಧಕಕ್ಕೆ ರಾತ್ರಿ 10 ಗಂಟೆಯ ಮಿತಿಯಿರುವುದರಿಂದ ಗಡಿಯಾರ ನೋಡಿ ನಿಲ್ಲಿಸುವ ಧೈರ್ಯವಂತರು ಬೇಕು. ಜನರೇಟರಿಗೆ ಡೀಸೆಲ್ ತರುವವರು, ಕುಡಿಯುವ ನೀರು ತುಂಬಿಸುವವರು, ನೀರಿನ ಅಂಚಿಗೆ ಮಕ್ಕಳು ಇಳಿಯದಂತೆ ಕಾಯುವವರು, ಶೌಚಾಲಯ ತೊಳೆಯುವವರು, ಬೆಳಗಿನ ಪೂಜೆಗೆ ಮುನ್ನ ಕಸ ಗುಡಿಸುವವರು ಬೇಕು. ಇವರ ಹೆಸರನ್ನು ಯಾವ ಕರಪತ್ರವೂ ಅಚ್ಚು ಹಾಕುವುದಿಲ್ಲ. ಗುಡಿಸುವವರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದಿರಲಿ ಎಂದು ಬರೆದುಕೊಟ್ಟಿದ್ದೇವೆ.

ಹಣ ಬೇಕೇ ಬೇಕು. ಕೊಡಬಲ್ಲವರು ಕಾಣಿಕೆ ಡಬ್ಬಿಯಲ್ಲಿ ಹಾಕಲಿ. ಲೆಕ್ಕವನ್ನು ದೇವಾಲಯದ ಸೂಚನಾ ಫಲಕದಲ್ಲಿ ಪೈಸೆ ಪೈಸೆ ಸಹಿತ ಪ್ರಕಟಿಸೋಣ. ದಾನಿಗಳಿಗೆ ನಮ್ಮ ಹೃತ್ಪೂರ್ವಕ ಕೃತಜ್ಞತೆಗಳು. ಕುರ್ಚಿ ಮಾತ್ರ ಎಲ್ಲರಿಗೂ ಒಂದೇ. ಮುಂದಿನ ಸಾಲು ವಯೋವೃದ್ಧರಿಗೆ, ಅಂಗವಿಕಲರಿಗೆ, ಕೈಕೂಸಿನ ತಾಯಂದಿರಿಗೆ. ಅವರಲ್ಲಿ ನಮ್ಮ ಮತದವರೆಷ್ಟು, ಅನ್ಯಮತದವರೆಷ್ಟು ಎಂದು ಯಾರೂ ಎಣಿಸಬಾರದು. ಅಂದಿನ ಮೊದಲ ವಾದ್ಯ ನಮ್ಮೂರ ತಮಟೆಯಾಗಲಿ. ಬಡಿದವರು ಬಡಿತ ಮುಗಿಸಿ ಮುಂದೆ ಬಂದು ಕುಳಿತುಕೊಳ್ಳಲಿ. ಸ್ಯಾಕ್ಸೊಫೋನು ಆಮೇಲೆ.

ಪ್ರಿಯರೇ, ಶಿಂಷಾ ನದಿಗೆ ಕಟ್ಟಿದ ಈ ಜಲಾಶಯದ ಸೈಫನ್ನುಗಳನ್ನು ತಾವು ಚಿಕ್ಕಂದಿನಿಂದ ಕಂಡಿದ್ದೀರಿ. ನೀರು ಗೊತ್ತಾದ ಮಟ್ಟವನ್ನು ಮೀರಿ ಏರಿದೊಡನೆ ಅವು ತಾವಾಗಿಯೇ ಹರಿಯತೊಡಗುತ್ತವೆ. ಬಾಗಿಲೆತ್ತಲು ಕಾವಲುಗಾರನು ಬೇಕಿಲ್ಲ. ಆದರೆ ಮೊದಲು ಕೆರೆ ತುಂಬಬೇಕು. ನೂರು ವರ್ಷಗಳಿಂದ ಈ ದೇವಾಲಯದಲ್ಲಿ ನಾವು ಪಡೆದದ್ದೆಲ್ಲ ಬೇರೆಯವರು ಬೆಲೆ ತೆತ್ತು ಕೊಟ್ಟದ್ದು. ಅದು ನಮ್ಮಲ್ಲಿ ನಿಜವಾಗಿ ತುಂಬಿದ್ದರೆ ಹರಿಯದೆ ಇರಲಾರದು. ಆ ಸಂಜೆ ಹಗ್ಗದಾಚೆ ನಿಂತವರು ಒಬ್ಬರೂ ಇರಬಾರದು. ಏಕೆಂದರೆ ಹಗ್ಗವೇ ಇರಬಾರದು. ತಾವು ಇದಕ್ಕೆ ಒಪ್ಪಿಗೆ ನೀಡಬೇಕೆಂದು ಕೇಳಿಕೊಳ್ಳುತ್ತೇವೆ.

ಪ್ರಭು ಯೇಸು ಕ್ರಿಸ್ತರು ತಮ್ಮೆಲ್ಲರನ್ನೂ ಆಶೀರ್ವದಿಸಲಿ. ಮಾತೆ ಮರಿಯಮ್ಮನವರು ನಮ್ಮ ಕಾರ್ಯವನ್ನು ಸಾಂಗವಾಗಿ ನೆರವೇರಿಸಿಕೊಡಲಿ.